ಖಾಲಾ ಕೇಳಿದ ಲೆಕ್ಕ

ಉರ್ದು ಪ್ರಾಥಮಿಕ ಶಾಲೆಯಲ್ಲಿ ನನ್ನ ಪಕ್ಕ ಒಂದೇ ಚಾಪೆಯ ಮೇಲೆ ಕುಳಿತು ಓದಿದ ಗೆಳೆಯನೊಬ್ಬನಿದ್ದಾನೆ. ಗಣಿತದಲ್ಲಿ ಅವನಿಗೆ ತೊಂಬತ್ತರ ಮೇಲೆ ಅಂಕ ಬಂದರೆ ನನಗೆ ಮೂವತ್ತೈದು ದಾಟುವುದೇ ಹಬ್ಬ. ಏಳನೇ ತರಗತಿ ಮುಗಿದ ಮೇಲೆ ಇಬ್ಬರೂ ಕನ್ನಡ ಮಾಧ್ಯಮದ ಹೈಸ್ಕೂಲಿಗೆ ಸೇರಿದೆವು. ಅಲ್ಲಿಂದ ನಾನು ಕಥೆಗಳ ಹಿಂದೆ ಹೋದೆ, ಅವನು ಅಂಕಿಗಳ ಹಿಂದೆ ಹೋದ. ಪದವಿ ಮುಗಿಸಿ ಕೇಂದ್ರ ಸರ್ಕಾರದ ಲೆಕ್ಕಪರಿಶೋಧನಾ ಇಲಾಖೆಗೆ ಸೇರಿ, ಎಸ್.ಎ.ಎಸ್. ಪರೀಕ್ಷೆ ಪಾಸು ಮಾಡಿ ಈಗ ಅಧಿಕಾರಿಯಾಗಿದ್ದಾನೆ. ಹಬ್ಬಕ್ಕೆ ಊರಿಗೆ ಬಂದಾಗ ಒಂದು ಸಂಜೆಯನ್ನು ನನಗೆಂದೇ ತೆಗೆದಿಡುತ್ತಾನೆ.

2023ರ ರಂಜಾನ್ ಹಬ್ಬದ ಮಾರನೆಯ ದಿನವೂ ಹಾಗೆಯೇ ಬಂದ. ಶೀರ್‌ಖುರ್ಮಾದ ಬಟ್ಟಲನ್ನು ಅವನ ಕೈಗೆ ಕೊಡುತ್ತಾ, "ಏನು ಮಿಯಾ, ಮುಖ ಬಿಸಿಲಿಗೆ ಬೆಂದ ಹಾಗಿದೆ?" ಎಂದೆ. "ಕೊಲ್ಲಿ ದೇಶಗಳ ಕಡೆ ಹೋಗಿದ್ದೆ" ಎಂದ. "ಉಮ್ರಾಕ್ಕಾ?" ಎಂದು ಕೇಳಿದೆ. "ಅಲ್ಲ, ಆಡಿಟ್‌ಗೆ. ನಮ್ಮ ರಾಯಭಾರ ಕಚೇರಿಗಳ ಲೆಕ್ಕ ನೋಡಲಿಕ್ಕೆ" ಎಂದ.

ನನಗೆ ನಗು ಬಂತು. ರಾಯಭಾರ ಕಚೇರಿ ಎಂದರೆ ನನ್ನ ಕಣ್ಣ ಮುಂದೆ ಬರುವುದು ಎತ್ತರದ ಕಾಂಪೌಂಡು, ಅದರ ಮೇಲೆ ಹಾರುವ ತ್ರಿವರ್ಣ ಧ್ವಜ, ಸೂಟು ಬೂಟಿನ ಅಧಿಕಾರಿಗಳು, ರಾತ್ರಿ ಔತಣಗಳು. ನಮ್ಮ ತಾಲ್ಲೂಕು ಕಚೇರಿಗೆ ಬರುವ ಹಾಗೆ ಅಲ್ಲಿಗೂ ಆಡಿಟ್ ಪಾರ್ಟಿ ಹೋಗಿ, ಕ್ಯಾಷ್‌ಬುಕ್ ತರಿಸಿ, ವೋಚರ್‌ಗಳ ಕಟ್ಟು ಬಿಚ್ಚಿಸಿ, ಚಹಾ ಕುಡಿಯುತ್ತಾ ಕೆಂಪು ಪೆನ್ಸಿಲಿನಲ್ಲಿ ಗುರುತು ಹಾಕುತ್ತದೆ ಎಂಬುದನ್ನು ನಾನು ಎಂದೂ ಯೋಚಿಸಿರಲಿಲ್ಲ. ಹಾಗೆಂದು ಅವನಿಗೆ ಹೇಳಿದೆ.

"ವ್ಯತ್ಯಾಸ ಏನೂ ಇಲ್ಲ" ಎಂದ ಅವನು. "ಅದೂ ಒಂದು ಸರ್ಕಾರಿ ಕಚೇರಿ. ಅಲ್ಲಿಯೂ ಹಣ ಬರುತ್ತದೆ, ಹೋಗುತ್ತದೆ. ಬಂದದ್ದಕ್ಕೆ ರಸೀದಿ ಇರಬೇಕು, ಹೋದದ್ದಕ್ಕೆ ವೋಚರ್ ಇರಬೇಕು. ಕರೆನ್ಸಿ ಬೇರೆ, ಅಷ್ಟೇ."

ಯಾವ ದೇಶ, ಯಾವ ಕಚೇರಿ, ಅಲ್ಲಿ ಏನು ಸಿಕ್ಕಿತು ಎಂಬುದನ್ನು ಅವನು ಹೇಳಲಿಲ್ಲ. ವರದಿ ಸಂಸತ್ತಿನ ಮುಂದೆ ಬರುವ ತನಕ ಬಾಯಿ ಬಿಡುವ ಹಾಗಿಲ್ಲ ಎಂದ. ಆದರೆ ಕೆಲಸ ಹೇಗೆ ನಡೆಯುತ್ತದೆ ಎಂದು ಹೇಳಲಿಕ್ಕೆ ಅಡ್ಡಿಯಿರಲಿಲ್ಲ. ಕಥೆಗಾರನಾದ ನನಗೆ ಬೇಕಾದದ್ದೂ ಅದೇ.

ಪ್ರಪಂಚದಲ್ಲಿ ಭಾರತದ ರಾಯಭಾರ ಕಚೇರಿ, ಹೈಕಮಿಷನ್, ಕಾನ್ಸುಲೇಟ್‌ಗಳೆಲ್ಲ ಸೇರಿ ಸುಮಾರು 200 ಇವೆ. ಪ್ರತಿ ಕಚೇರಿಯೂ ತಿಂಗಳಿಗೊಮ್ಮೆ ತನ್ನ ನಗದು ಲೆಕ್ಕವನ್ನು ದೆಹಲಿಯ ವಿದೇಶಾಂಗ ಸಚಿವಾಲಯಕ್ಕೆ ಕಳುಹಿಸಬೇಕು. ಅದು ಮನೆಯೊಳಗಿನ ಲೆಕ್ಕ. ಹೊರಗಿನಿಂದ ಬಂದು ನೋಡುವವರು ಭಾರತದ ಮಹಾಲೆಕ್ಕಪರಿಶೋಧಕರು, ಅಂದರೆ ಪತ್ರಿಕೆಗಳಲ್ಲಿ ನಾವು ಸಿಎಜಿ ಎಂದು ಓದುವ ಸಂವಿಧಾನದ 148ನೇ ವಿಧಿಯ ಹುದ್ದೆ. ಈ ಕೆಲಸಕ್ಕಾಗಿ ಅವರು ಲಂಡನ್, ವಾಷಿಂಗ್ಟನ್ ಮತ್ತು ಕೌಲಾಲಂಪುರದಲ್ಲಿ ತಮ್ಮದೇ ಕಚೇರಿಗಳನ್ನು ಇಟ್ಟಿದ್ದಾರೆ. ಜೊತೆಗೆ ನನ್ನ ಗೆಳೆಯನಂಥವರ ಸಣ್ಣ ಸಣ್ಣ ತಂಡಗಳು ಇಲ್ಲಿಂದಲೂ ಹೋಗುತ್ತವೆ.

ಹೋದ ಮೊದಲ ದಿನವೇ ನಗದು ಪೆಟ್ಟಿಗೆಯ ಹಣವನ್ನು ಇವರ ಎದುರು ಎಣಿಸಿ ಕ್ಯಾಷ್‌ಬುಕ್ಕಿಗೆ ತಾಳೆ ಮಾಡಬೇಕು. ಆಮೇಲೆ ಖಾಲಿ ಪಾಸ್‌ಪೋರ್ಟ್ ಪುಸ್ತಕಗಳು, ವೀಸಾ ಸ್ಟಿಕ್ಕರುಗಳು. ಇವುಗಳಿಗೆಲ್ಲ ಕ್ರಮಸಂಖ್ಯೆ ಇರುತ್ತದೆ. ಒಂದು ನಂಬರು ಕಾಣದಿದ್ದರೂ ಅದು ಎಲ್ಲಿ ಹೋಯಿತೆಂದು ಹೇಳಬೇಕು. ಆಮೇಲೆ ಕಾರುಗಳ ಲಾಗ್‌ಬುಕ್, ಬಾಡಿಗೆ ಕರಾರುಗಳು, ಸ್ಥಳೀಯ ನೌಕರರ ಸಂಬಳದ ಪಟ್ಟಿ, ಔತಣದ ಬಿಲ್ಲುಗಳು. ಸಂಶಯ ಬಂದಲ್ಲಿ ಒಂದು ಕಾಗದದ ಅರ್ಧ ಭಾಗದಲ್ಲಿ ಪ್ರಶ್ನೆ ಬರೆದು ಉಳಿದರ್ಧವನ್ನು ಉತ್ತರಕ್ಕೆ ಖಾಲಿ ಬಿಟ್ಟು ಕೊಡುತ್ತಾರೆ. ಇದಕ್ಕೆ ಅವರ ಭಾಷೆಯಲ್ಲಿ 'ಹಾಫ್ ಮಾರ್ಜಿನ್' ಎಂದು ಹೆಸರು. ಉತ್ತರ ಒಪ್ಪಿಗೆಯಾದರೆ ಅಲ್ಲಿಗೆ ಮುಗಿಯಿತು. ಆಗದಿದ್ದರೆ ಅದು 'ಪ್ಯಾರಾ' ಆಗುತ್ತದೆ. ದೊಡ್ಡ ಪ್ಯಾರಾಗಳು ರಾಷ್ಟ್ರಪತಿಗಳ ಮೂಲಕ ಸಂಸತ್ತಿಗೆ ಹೋಗುತ್ತವೆ. ಅಲ್ಲಿ ಸಾರ್ವಜನಿಕ ಲೆಕ್ಕಪತ್ರ ಸಮಿತಿ ಅವುಗಳನ್ನು ವಿಚಾರಣೆಗೆ ತೆಗೆದುಕೊಳ್ಳುತ್ತದೆ. 1967ರಿಂದ ಈ ಸಮಿತಿಯ ಅಧ್ಯಕ್ಷರು ವಿರೋಧ ಪಕ್ಷದವರೇ ಆಗಿರುವುದು ರೂಢಿ.

ಸಂಸತ್ತಿನ ಮುಂದೆ ಈಗಾಗಲೇ ಬಂದ ವರದಿಗಳ ಬಗ್ಗೆ ಮಾತಾಡಲು ಅವನಿಗೆ ಸಂಕೋಚವಿರಲಿಲ್ಲ. ಅವುಗಳಲ್ಲಿ ಮತ್ತೆ ಮತ್ತೆ ಬರುವ ತಪ್ಪುಗಳು ಸಿನಿಮಾದಲ್ಲಿ ತೋರಿಸುವಂಥ ಕಳ್ಳತನಗಳಲ್ಲ. ವಿನಿಮಯ ದರ ಬದಲಾದರೂ ವೀಸಾ ಶುಲ್ಕವನ್ನು ಸ್ಥಳೀಯ ಹಣದಲ್ಲಿ ಪರಿಷ್ಕರಿಸದೆ ಹಳೆಯ ದರದಲ್ಲೇ ವಸೂಲಿ ಮಾಡಿದ್ದು. ರಾಯಭಾರ ಕಚೇರಿಗಳಿಗೆ ವಾಪಸು ಸಿಗಬೇಕಾದ ಮಾರಾಟ ತೆರಿಗೆಯನ್ನು ಯಾರೂ ಅರ್ಜಿ ಹಾಕಿ ಕೇಳದೆ ಬಿಟ್ಟದ್ದು. ಸ್ವಂತ ಕಟ್ಟಡಕ್ಕೆಂದು ನಿವೇಶನ ಕೊಂಡು ವರ್ಷಗಟ್ಟಲೆ ಖಾಲಿ ಬಿಟ್ಟು, ಪಕ್ಕದ ಬೀದಿಯಲ್ಲಿ ಬಾಡಿಗೆ ಕಟ್ಟುತ್ತಾ ಕುಳಿತದ್ದು. ಮಂಜೂರಾತಿ ಇಲ್ಲದೆ ದಿನಗೂಲಿಯವರನ್ನು ವರ್ಷಗಳ ಕಾಲ ಇಟ್ಟುಕೊಂಡದ್ದು. "ಕದಿಯುವವನು ಒಬ್ಬ ಇದ್ದರೆ, ನನಗ್ಯಾಕೆ ಎಂದು ಸುಮ್ಮನಿರುವವರು ಹತ್ತು ಜನ. ನಷ್ಟ ಜಾಸ್ತಿ ಆಗುವುದು ಈ ಹತ್ತು ಜನರಿಂದ" ಎಂದ.

"ಇಷ್ಟೆಲ್ಲ ಬರೆದು ಪ್ರಯೋಜನ ಏನು? ಯಾರಿಗಾದರೂ ಶಿಕ್ಷೆಯಾಗುತ್ತದಾ?" ಎಂದು ಕೆಣಕಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ಜೀಪಿನ ಕಥೆ ಹೇಳಿದ. ಸ್ವತಂತ್ರ ಭಾರತದ ಮೊದಲ ದೊಡ್ಡ ಹಗರಣ ಹುಟ್ಟಿದ್ದೇ ನಮ್ಮ ಲಂಡನ್ ಹೈಕಮಿಷನ್ನಿನಲ್ಲಿ. 1948ರಲ್ಲಿ ಕಾಶ್ಮೀರದಲ್ಲಿ ಯುದ್ಧ ನಡೆಯುತ್ತಿತ್ತು, ಸೈನ್ಯಕ್ಕೆ ತುರ್ತಾಗಿ ಜೀಪುಗಳು ಬೇಕಿದ್ದವು. ಹೈಕಮಿಷನರ್ ಆಗಿದ್ದವರು ವಿ.ಕೆ. ಕೃಷ್ಣ ಮೆನನ್. ಅನುಸರಿಸಬೇಕಾದ ಕ್ರಮಗಳನ್ನು ಬದಿಗಿಟ್ಟು ವಿದೇಶಿ ಸಂಸ್ಥೆಯೊಂದರ ಜೊತೆ ಸುಮಾರು 80 ಲಕ್ಷ ರೂಪಾಯಿಯ ಒಪ್ಪಂದವಾಯಿತು. ಹಣದ ದೊಡ್ಡ ಪಾಲು ಮುಂಗಡವಾಗಿಯೇ ಹೋಯಿತು. ಬಂದಿಳಿದದ್ದು 155 ಜೀಪುಗಳು, ಅವೂ ಉಪಯೋಗಕ್ಕೆ ಬಾರದಂಥವು. ಆಗ ಮಹಾಲೆಕ್ಕಪರಿಶೋಧಕರಾಗಿದ್ದವರು ವಿ. ನರಹರಿ ರಾವ್. ಲೆಕ್ಕಪರಿಶೋಧನೆ ಇದನ್ನು ಎತ್ತಿ ಹಿಡಿಯಿತು, ಸಂಸತ್ತಿನ ಸಮಿತಿಯೂ ಟೀಕಿಸಿತು. ಕೊನೆಗೆ 1955ರಲ್ಲಿ ಸರ್ಕಾರ ಪ್ರಕರಣ ಮುಗಿಯಿತೆಂದು ಹೇಳಿತು. 1956ರಲ್ಲಿ ಮೆನನ್ ಕೇಂದ್ರದಲ್ಲಿ ಮಂತ್ರಿಯಾದರು. ಅವರು ಸ್ವಂತಕ್ಕೆ ಹಣ ಮಾಡಿಕೊಂಡರೆಂದು ಯಾರೂ ಸಾಬೀತುಪಡಿಸಲಿಲ್ಲ.

"ಅಂದರೆ ಆಡಿಟ್ ಸೋತಿತು" ಎಂದೆ.

"ಯಾಕೆ ಸೋತಿತು? ಎಪ್ಪತ್ತು ವರ್ಷ ಕಳೆದ ಮೇಲೆ ಮಲೆನಾಡಿನ ಮೂಲೆಯಲ್ಲಿ ಕುಳಿತು ನಾನು ನಿನಗೆ 155 ಜೀಪು ಅಂತ ಹೇಳುತ್ತಾ ಇದ್ದೇನಲ್ಲ. ಯಾರೋ ಅವತ್ತು ಎಣಿಸಿ ಬರೆದಿಟ್ಟರು. ಶಿಕ್ಷೆ ಕೊಡುವುದು ನಮ್ಮ ಕೆಲಸ ಅಲ್ಲ ಮಿಯಾ. ಸಾಕ್ಷಿ ಹೇಳುವುದು ನಮ್ಮ ಕೆಲಸ."

ಅವನು ಹೊರಡುವ ಮುಂಚೆ, ಚಪ್ಪಲಿ ಮೆಟ್ಟುತ್ತಾ ಹೇಳಿದ ಮಾತೇ ಈ ಲೇಖನಕ್ಕೆ ಕಾರಣ. ಆಡಿಟ್ ಅಂದರೆ ಖರ್ಚು ಮಾಡಿದ್ದನ್ನು ಮಾತ್ರ ನೋಡುವುದಲ್ಲ, ಖರ್ಚು ಮಾಡದೆ ಇಟ್ಟದ್ದನ್ನೂ ನೋಡಬೇಕು ಎಂದು ಹೇಳಿ, ಉದಾಹರಣೆಗೆ ಭಾರತೀಯ ಸಮುದಾಯ ಕಲ್ಯಾಣ ನಿಧಿಯನ್ನು ತೆಗೆದ. ಹೊರದೇಶದಲ್ಲಿ ಕಷ್ಟಕ್ಕೆ ಸಿಕ್ಕಿದ ಭಾರತೀಯರಿಗಾಗಿ 2009ರಲ್ಲಿ ಆರಂಭವಾದ ನಿಧಿ ಅದು. ಮೊದಲು ನಮ್ಮ ಕೂಲಿಕಾರರು ಹೆಚ್ಚಾಗಿರುವ ದೇಶಗಳಲ್ಲಿ ಇತ್ತು. 2011ರಲ್ಲಿ ಎಲ್ಲ ರಾಯಭಾರ ಕಚೇರಿಗಳಿಗೂ ವಿಸ್ತರಿಸಿದರು. 2017ರಲ್ಲಿ ನಿಯಮಗಳನ್ನು ಇನ್ನಷ್ಟು ವಿಸ್ತಾರ ಮಾಡಿದರು. ಪಾಸ್‌ಪೋರ್ಟ್ ನವೀಕರಣಕ್ಕೋ ಕಾಗದಪತ್ರದ ದೃಢೀಕರಣಕ್ಕೋ ಬಂದವರಿಂದ ಶುಲ್ಕದ ಜೊತೆ ಒಂದು ಸಣ್ಣ ಮೊತ್ತ ಪಡೆದು ಈ ನಿಧಿಗೆ ಹಾಕುತ್ತಾರೆ. ಕೆಲಸ ಕಳೆದುಕೊಂಡವರಿಗೆ ಊಟ ವಸತಿ, ವಾಪಸು ಬರಲು ಟಿಕೆಟ್ಟು, ತುರ್ತು ಚಿಕಿತ್ಸೆ, ವಕೀಲರ ನೆರವು ಇವೆಲ್ಲ ಇದರಿಂದ ಸಿಗಬಹುದು. ಲಿಬಿಯಾ, ಯೆಮನ್‌ಗಳಲ್ಲಿ ಯುದ್ಧವಾದಾಗ ನಮ್ಮವರನ್ನು ಕರೆತರಲೂ ಈ ಹಣ ನೆರವಾಗಿದೆ.

"ಇನ್ನೊಂದು ಇದೆ" ಎಂದ ಅವನು. "ಅಲ್ಲಿ ಯಾರಾದರೂ ತೀರಿಕೊಂಡು, ಕಫೀಲ್ ಖರ್ಚು ಕೊಡದೆ, ಮನೆಯವರ ಕೈಯಲ್ಲೂ ಆಗದಿದ್ದರೆ, ಮಯ್ಯತ್ತನ್ನು ಊರಿಗೆ ಕಳಿಸುವ ಖರ್ಚು."

ನನ್ನ ಕೈಯಲ್ಲಿದ್ದ ಬಟ್ಟಲು ಹಾಗೆಯೇ ನಿಂತಿತು.

ನನ್ನ ಅಮ್ಮಿಯ ತಂಗಿಯನ್ನು ನಾವು ಖಾಲಾ ಎಂದೇ ಕರೆಯುತ್ತೇವೆ. ಅವರ ಒಬ್ಬನೇ ಮಗ ನನಗಿಂತ ಕೆಲವು ವರ್ಷ ಚಿಕ್ಕವನು. ಖಾಲೂ ತೀರಿಹೋದ ಮೇಲೆ ಇಪ್ಪತ್ತನೇ ವಯಸ್ಸಿಗೇ ಕೊಲ್ಲಿ ದೇಶಕ್ಕೆ ಹೋದ. 'ಫ್ರೀ ವೀಸಾ' ಎಂದು ನಮ್ಮ ಕಡೆಯವರು ಕರೆಯುವ ವೀಸಾ. ಹೆಸರಿಗೆ ಫ್ರೀ, ಕೊಡುವುದು ಲಕ್ಷಾಂತರ ರೂಪಾಯಿ. ವೀಸಾ ಒಬ್ಬ ಕಫೀಲನ ಹೆಸರಿನಲ್ಲಿ, ಕೆಲಸ ಸಿಕ್ಕಿದ ಕಡೆ. ಅವನು ಹನ್ನೊಂದು ವರ್ಷ ಗಾಡಿ ಓಡಿಸಿದ. ಇಬ್ಬರು ತಂಗಿಯರ ಮದುವೆ ಮಾಡಿದ. ಖಾಲಾಳ ಮನೆಗೆ ಹೊಸ ಹಂಚು ಹಾಕಿಸಿದ. 2012ರ ಜೂನ್ ಕೊನೆಯಲ್ಲಿ ಒಂದು ಮಧ್ಯಾಹ್ನ ಅವನ ರೂಮಿನವರು ಫೋನ್ ಮಾಡಿ, ಮಲಗಿದವನು ಏಳಲಿಲ್ಲ ಎಂದರು.

ಅಲ್ಲೇ ದಫನ್ ಮಾಡಬಹುದಿತ್ತು. ಅನೇಕರು ಹಾಗೆ ಮಾಡುತ್ತಾರೆ, ಮನೆಯವರು ಒಪ್ಪಿಗೆ ಪತ್ರ ಕಳಿಸಿದರೆ ಸಾಕು. ಆದರೆ ಖಾಲಾ ಒಂದೇ ಮಾತು ಹಿಡಿದು ಕುಳಿತರು. "ಹನ್ನೊಂದು ವರ್ಷದಲ್ಲಿ ಮೂರು ಸಲ ಅವನ ಮುಖ ನೋಡಿದ್ದೇನೆ. ಇನ್ನೊಂದು ಸಲ ನೋಡಬೇಕು." ಇದಕ್ಕೆ ಎದುರು ಮಾತಾಡುವ ಧೈರ್ಯ ಯಾರಿಗಿತ್ತು?

ಕಫೀಲ್ ಫೋನ್ ಎತ್ತಲಿಲ್ಲ. ರೂಮಿನ ಹುಡುಗರೇ ಪೊಲೀಸು, ಆಸ್ಪತ್ರೆ, ರಾಯಭಾರ ಕಚೇರಿ ಎಂದು ಓಡಾಡಿದರು. ಮರಣ ಪತ್ರ, ನಿರಾಕ್ಷೇಪಣಾ ಪತ್ರ, ರದ್ದು ಮಾಡಿದ ಪಾಸ್‌ಪೋರ್ಟ್, ಒಂದೊಂದಕ್ಕೂ ಒಂದೊಂದು ಕಿಟಕಿ. ವಿಮಾನದಲ್ಲಿ ಮಯ್ಯತ್ತನ್ನು ತೂಕ ಹಾಕಿ ಕಿಲೋ ಲೆಕ್ಕದಲ್ಲಿ ದರ ಕಟ್ಟುವ ಪದ್ಧತಿ ಆಗ ಇತ್ತು. ಹುಡುಗರು ಸಾಲ ಮಾಡಿ ಕಟ್ಟಿದರು. ಇಲ್ಲಿ ನಾವು ಶುಕ್ರವಾರದ ನಮಾಜಿನ ನಂತರ ಮಸೀದಿಯ ಬಾಗಿಲಲ್ಲಿ ಶಾಲು ಹಾಸಿದೆವು. ಬಜಾರಿನಲ್ಲಿಯೂ ಕೈ ಒಡ್ಡಿದೆವು. ನಾನು ಓದಿದವನು, ಬರೆಯುವವನು ಎಂದು ಹಣದ ಜವಾಬ್ದಾರಿಯನ್ನು ಜಮಾತಿನವರು ನನಗೇ ವಹಿಸಿದರು. ಹದಿಮೂರನೆಯ ದಿನ ಮಂಗಳೂರಿಗೆ ಪೆಟ್ಟಿಗೆ ಬಂತು. ಸುರಿಯುವ ಮಳೆಯಲ್ಲಿ ಘಾಟಿ ಹತ್ತಿ ಬೆಳಗಿನ ಜಾವ ಊರು ಮುಟ್ಟಿದೆವು. ಖಾಲಾ ಮುಖ ನೋಡಿದರು. ಅಷ್ಟೇ.

ಈ ಹದಿಮೂರು ದಿನಗಳಲ್ಲಿ ಅಂಥ ಒಂದು ನಿಧಿ ಇದೆ ಎಂದು ನಮಗೆ ಯಾರೂ ಹೇಳಲಿಲ್ಲ. ಅದು ಆರಂಭವಾಗಿ ಆಗಲೇ ಮೂರು ವರ್ಷವಾಗಿತ್ತು. ಹುಡುಗರು ಅರ್ಜಿ ಕೊಡಲಿಲ್ಲ, ಏಕೆಂದರೆ ಅವರಿಗೆ ಗೊತ್ತಿರಲಿಲ್ಲ. ಕಿಟಕಿಯ ಆಚೆ ಕುಳಿತವರು ಹೇಳಲಿಲ್ಲ, ಬಹುಶಃ ಕೇಳಿದವರಿಗೆ ಮಾತ್ರ ಹೇಳುವುದು ಅಲ್ಲಿಯ ಅಭ್ಯಾಸವಾಗಿರಬೇಕು. 2020ರ ಕೊರೋನಾ ಕಾಲದಲ್ಲಿ, ಕೊಲ್ಲಿಯಲ್ಲಿ ಸಿಕ್ಕಿಬಿದ್ದವರ ಟಿಕೆಟ್ಟಿಗೆ ಈ ನಿಧಿಯಿಂದ ಹಣ ಕೊಡಿ ಎಂದು ಕೇಳಿ ಕೆಲವರು ಕೇರಳ ಹೈಕೋರ್ಟಿಗೆ ಹೋದ ಸುದ್ದಿ ಪತ್ರಿಕೆಯಲ್ಲಿ ಬಂದಿತ್ತು. ಆಗಲೂ ನಾನು ಓದಿ ಪುಟ ತಿರುವಿದ್ದೆ.

ಇದನ್ನೆಲ್ಲ ಗೆಳೆಯನಿಗೆ ಹೇಳಿದೆ. ಅವನು ಮತ್ತೆ ಒಳಗೆ ಬಂದು ಕುಳಿತ. "ನೋಡು, ತಪ್ಪು ಖರ್ಚಾದರೆ ವೋಚರ್ ಇರುತ್ತದೆ, ನಾನು ಹಿಡಿಯುತ್ತೇನೆ. ನಿನ್ನ ತಮ್ಮನಿಗೆ ಖರ್ಚು ಮಾಡಲೇ ಇಲ್ಲ. ಇಲ್ಲದ ವೋಚರನ್ನು ನಾನು ಎಲ್ಲಿ ಹುಡುಕಲಿ? ರಿಜಿಸ್ಟರಿನಲ್ಲಿ ಅರ್ಜಿಗಳು ಕಡಿಮೆ, ಬ್ಯಾಂಕಿನಲ್ಲಿ ಹಣ ಜಾಸ್ತಿ ಇದ್ದರೆ ಯಾಕೆ ಅಂತ ಕೇಳಬಹುದು. ಅರ್ಜಿಯೇ ಬರಲಿಲ್ಲ ಅಂತ ಉತ್ತರ ಬಂದರೆ, ಬರದ ಅರ್ಜಿಯನ್ನು ನಾನು ಹೇಗೆ ಓದಲಿ?" ಸ್ವಲ್ಪ ತಡೆದು ಕೇಳಿದ. "ಅವನು ಅಲ್ಲಿ ಪಾಸ್‌ಪೋರ್ಟ್ ನವೀಕರಣ ಮಾಡಿಸಿದ್ದನಾ?"

ಮಾರನೆಯ ದಿನ ಖಾಲಾಳ ಮನೆಗೆ ಹೋದೆ. ತಗಡಿನ ಟ್ರಂಕಿನಲ್ಲಿ ಅವನ ಕಾಗದಗಳೆಲ್ಲ ಒಂದು ದುಪಟ್ಟಾದಲ್ಲಿ ಸುತ್ತಿ ಇಟ್ಟಿದ್ದರು. 2011ರಲ್ಲಿ ಪಾಸ್‌ಪೋರ್ಟ್ ನವೀಕರಿಸಿದ ರಸೀದಿ ಅದರಲ್ಲಿತ್ತು. ಶುಲ್ಕದ ಕೆಳಗೆ ಸಣ್ಣ ಅಕ್ಷರಗಳಲ್ಲಿ ಇನ್ನೊಂದು ಸಾಲು, ಕೆಲವೇ ರಿಯಾಲ್‌ಗಳು, ಮುಂದೆ ನಿಧಿಯ ಹೆಸರು. ಅವನು ತನ್ನ ಪಾಲು ಕಟ್ಟಿದ್ದ. ಸರ್ಕಾರದ ದಾನವನ್ನು ನಾವು ಕೇಳಬೇಕಾಗಿಯೇ ಇರಲಿಲ್ಲ. ಅವನಂಥ ಸಾವಿರಾರು ಡ್ರೈವರುಗಳು, ಗಾರೆ ಕೆಲಸದವರು, ಮನೆಗೆಲಸದ ಹೆಂಗಸರು ಕಟ್ಟಿದ ಹಣದಲ್ಲಿ ಅವನಿಗೆ ಹಕ್ಕಿತ್ತು.

ಸಿಟ್ಟು ನೆತ್ತಿಗೇರಿತು. ಇದನ್ನು ಕಥೆ ಮಾಡಿ ಬರೆಯಬೇಕು, ಆ ಕಿಟಕಿಯ ಆಚೆ ಕುಳಿತವನ ಮರ್ಯಾದೆ ತೆಗೆಯಬೇಕು ಎಂದುಕೊಂಡೆ. ರಾತ್ರಿ ಬರೆಯಲು ಕುಳಿತೆ. ಎರಡು ಪುಟ ಬರೆದ ಮೇಲೆ, ಹನ್ನೊಂದು ವರ್ಷದಿಂದ ನಾನು ಮರೆಯಲು ಯತ್ನಿಸಿದ ಒಂದು ಮಾತು ನೆನಪಾಯಿತು. ಪೆನ್ನು ಮುಂದೆ ಹೋಗಲಿಲ್ಲ.

ಅವನ ನಲವತ್ತನೇ ದಿನದ ಫಾತಿಹಾ ಮುಗಿದ ಮೇಲೆ ಖಾಲಾ ನನ್ನನ್ನು ಒಳಗೆ ಕರೆದು, "ಬೇಟಾ, ಯಾರು ಯಾರು ಎಷ್ಟೆಷ್ಟು ಕೊಟ್ಟರು, ಎಷ್ಟು ಖರ್ಚಾಯಿತು, ಲೆಕ್ಕ ಹೇಳು" ಎಂದಿದ್ದರು. ನನಗೆ ಕೆನ್ನೆಗೆ ಹೊಡೆದ ಹಾಗಾಗಿತ್ತು. ಹದಿಮೂರು ದಿನ ನಿದ್ದೆ ಬಿಟ್ಟು ಓಡಾಡಿದವನನ್ನೇ ಲೆಕ್ಕ ಕೇಳುತ್ತಾರಲ್ಲ, ನಾನೇನು ತಿಂದುಬಿಟ್ಟೆನಾ? "ಎಲ್ಲ ಸರಿಯಾಗಿದೆ ಖಾಲಾ" ಎಂದು ಹೇಳಿ ಹೊರಗೆ ಬಂದೆ. ಅವರು ಮತ್ತೆ ಕೇಳಲಿಲ್ಲ. ನಾನೂ ಹೇಳಲಿಲ್ಲ. ಹೋಗಿ ಬರುವುದು ಇತ್ತು, ಆದರೆ ನಮ್ಮ ನಡುವೆ ಏನೋ ಒಂದು ಸಣ್ಣ ಕಲ್ಲು ಉಳಿದುಹೋಗಿತ್ತು.

ಲೆಕ್ಕ ಕೇಳುವುದೆಂದರೆ ನಮ್ಮಲ್ಲಿ ಅವಮಾನ ಮಾಡುವುದು ಎಂದೇ ಅರ್ಥ. ಮದರಸದ ಲೆಕ್ಕ ಕೇಳಿದರೆ ದೀನಿನ ವಿರೋಧಿ. ಕಮಿಟಿಯ ಲೆಕ್ಕ ಕೇಳಿದರೆ ಎದುರು ಗುಂಪಿನವನು. ದೇವಸ್ಥಾನದ, ಸೊಸೈಟಿಯ, ಗಣೇಶೋತ್ಸವದ ಲೆಕ್ಕ ಕೇಳಿದ ನನ್ನ ಹಿಂದೂ ಗೆಳೆಯರ ಅನುಭವವೂ ಬೇರೆಯಲ್ಲ. ಹಜ್ ಸಬ್ಸಿಡಿಯ ವಿಷಯವನ್ನೇ ನೋಡಿ. 2012ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಅದನ್ನು ಹತ್ತು ವರ್ಷದೊಳಗೆ ಹಂತ ಹಂತವಾಗಿ ನಿಲ್ಲಿಸಿ ಎಂದಿತು. 2018ರಲ್ಲಿ ಸರ್ಕಾರ ನಿಲ್ಲಿಸಿತು. ಅಷ್ಟೂ ವರ್ಷ ಬೇಕು ಬೇಡ ಎಂದು ಜಗಳವಾಡಿದೆವು, ಮಾತು ಕೇಳಿಸಿಕೊಂಡೆವು. ವಿಮಾನ ಟಿಕೆಟ್ಟಿನ ಹೆಸರಿನಲ್ಲಿ ವಿಮಾನ ಕಂಪನಿಗೆ ಹೋಗುತ್ತಿದ್ದ ಆ ಹಣದ ಲೆಕ್ಕ ಕೊಡಿ ಎಂದು ಕೇಳಿದವರು ನಮ್ಮಲ್ಲಿ ಎಷ್ಟು ಜನ? ಹಜ್ ಕಾಲದಲ್ಲಿ ನಮ್ಮ ಜಿದ್ದಾ ಕಾನ್ಸುಲೇಟ್ ಮಕ್ಕಾ ಮದೀನಾಗಳಲ್ಲಿ ದವಾಖಾನೆ ನಡೆಸುತ್ತದೆ, ಸಹಾಯಕರನ್ನು ಇಡುತ್ತದೆ. ಅವುಗಳಿಗೂ ಬಿಲ್ಲು, ವೋಚರು, ಆಡಿಟ್ ಎಲ್ಲ ಇವೆ. ಹೋಗಿ ಬಂದ ಹಾಜಿಗಳು ಜಂಜಂ ನೀರಿನ ಬಗ್ಗೆ ಹೇಳುತ್ತಾರೆ, ಖರ್ಜೂರದ ಬಗ್ಗೆ ಹೇಳುತ್ತಾರೆ. ಈ ಲೆಕ್ಕದ ಬಗ್ಗೆ ಹೇಳಿದವರನ್ನು ನಾನು ಕಂಡಿಲ್ಲ.

ಹಾಗೆಂದು ಇದು ನಮ್ಮ ಪರಂಪರೆಯಲ್ಲ. ಪವಿತ್ರ ಕುರ್‌ಆನಿನ ಅತ್ಯಂತ ಉದ್ದನೆಯ ವಚನ, ಸೂರಃ ಬಕರದ 282ನೆಯದು, ಸಾಲದ ವ್ಯವಹಾರವನ್ನು ಬರೆದಿಡುವುದರ ಬಗ್ಗೆಯೇ ಇದೆ. ಹಜ್ರತ್ ಉಮರ್ ಅವರ ಬಟ್ಟೆಯ ಪ್ರಸಂಗವನ್ನು ನಾವು ಮದರಸದಲ್ಲಿಯೇ ಕೇಳಿದ್ದೇವೆ. ಎಲ್ಲರಿಗೂ ಒಂದೊಂದು ತುಂಡು ಬಟ್ಟೆ ಹಂಚಿರುವಾಗ ನಿಮ್ಮ ಅಂಗಿ ಇಷ್ಟು ಉದ್ದ ಹೇಗಾಯಿತು ಎಂದು ತುಂಬಿದ ಸಭೆಯಲ್ಲಿ ಒಬ್ಬ ಎದ್ದು ನಿಂತು ಕೇಳಿದ. ಖಲೀಫರು ಸಿಟ್ಟಾಗಲಿಲ್ಲ. ಮಗನನ್ನು ಎಬ್ಬಿಸಿ, ಅವನು ತನ್ನ ಪಾಲನ್ನು ತಂದೆಗೆ ಕೊಟ್ಟದ್ದನ್ನು ಅವನಿಂದ ಹೇಳಿಸಿದರು. ಈ ಕಥೆಯನ್ನು ನಾನೇ ಎಷ್ಟೋ ಸಭೆಗಳಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸಿದ್ದೇನೆ. ವಿಧವೆಯಾದ ಖಾಲಾ ಕೇಳಿದಾಗ ಮಾತ್ರ ನನಗೆ ಸಿಟ್ಟು ಬಂದಿತ್ತು. ರಾಯಭಾರ ಕಚೇರಿಯ ಆ ಗುಮಾಸ್ತನಿಗೂ ನನಗೂ ಏನು ವ್ಯತ್ಯಾಸ?

ಕಥೆಯನ್ನು ಹರಿದು ಹಾಕಿ ಹಳೆಯ ನೋಟುಪುಸ್ತಕ ಹುಡುಕಿದೆ. ಅಪೂರ್ಣವಾಗಿ ಬಿಟ್ಟ ಒಂದು ಕಥೆಯ ಹಿಂದಿನ ಪುಟಗಳಲ್ಲಿ ಆ ಲೆಕ್ಕ ಇತ್ತು. ಮೊದಲ ದಿನ ಹೆಸರು, ಮೊತ್ತ ಎರಡೂ ಇದ್ದವು. ಎರಡನೆಯ ದಿನದಿಂದ ಬರೀ ಮೊತ್ತ. ಆಮೇಲೆ ಅದೂ ಇಲ್ಲ. ಅಂಗಿಯ ಜೇಬಿಗೆ ಬಂದದ್ದು, ಜೇಬಿನಿಂದ ಹೋದದ್ದು. ಜಮಾತಿನ ಆಗಿನ ಕಾರ್ಯದರ್ಶಿಗಳ ಮನೆಗೆ ಹೋದೆ, ಆಂಬುಲೆನ್ಸಿನವನನ್ನು ಹುಡುಕಿದೆ, ಕೊಲ್ಲಿಯಿಂದ ವಾಪಸು ಬಂದ ರೂಮಿನ ಹುಡುಗನಿಗೆ ಫೋನ್ ಮಾಡಿದೆ. ಹದಿನೈದು ದಿನ ಹಿಡಿಯಿತು.

ಜಮೆ 1,48,500 ರೂಪಾಯಿ. ಹುಡುಗರ ಸಾಲ ತೀರಿಸಿದ್ದು 1,05,000. ಆಂಬುಲೆನ್ಸ್ 16,500. ನೋಟರಿ, ಫೋನು, ಓಡಾಟ 3,200. ಕಫನ್ ದಫನ್ ಮತ್ತು ಊಟ 9,500. ಒಟ್ಟು ಖರ್ಚು 1,34,200. ಉಳಿಯಬೇಕಾದದ್ದು 14,300. ಅದು ಎಲ್ಲಿ ಹೋಯಿತು? ನನಗೆ ಗೊತ್ತಿಲ್ಲ. ನಾನು ತಿಂದಿಲ್ಲ ಎಂದು ಆಣೆ ಮಾಡಬಲ್ಲೆ. ಆದರೆ ಆಣೆ ವೋಚರ್ ಅಲ್ಲವಲ್ಲ.

ಖಾಲಾಳಿಗೆ ಕನ್ನಡ ಓದಲು ಬರುವುದಿಲ್ಲ. ಲೆಕ್ಕವನ್ನು ಉರ್ದುವಿನಲ್ಲಿ ಮತ್ತೆ ಬರೆದೆ. ಎಷ್ಟೋ ವರ್ಷದ ನಂತರ ಬಲದಿಂದ ಎಡಕ್ಕೆ ಅಷ್ಟು ಉದ್ದ ಬರೆದದ್ದು. ಮೊತ್ತದ ಜೊತೆಗೆ ಹೆಸರುಗಳನ್ನೂ ನೆನಪು ಮಾಡಿಕೊಂಡು ಸೇರಿಸಿದೆ. ಒಟ್ಟು ಐವತ್ತೆಂಟು ಹೆಸರು ಸಿಕ್ಕಿದವು. ಆ ಪಟ್ಟಿಯನ್ನೂ, 14,300 ರೂಪಾಯಿಯ ಒಂದು ಕವರನ್ನೂ ತೆಗೆದುಕೊಂಡು ಹೋಗಿ ಅವರ ಮುಂದೆ ಇಟ್ಟೆ. "ಖಾಲಾ, ನೀವು ಲೆಕ್ಕ ಕೇಳಿದ್ದಿರಿ. ಕೊಡಲು ಹನ್ನೊಂದು ವರ್ಷವಾಯಿತು. ಇಷ್ಟು ಹಣ ತಾಳೆಯಾಗುತ್ತಿಲ್ಲ, ಅದು ನನ್ನ ಮೇಲಿನ ಬಾಕಿ" ಎಂದೆ.

ಅವರು ಕವರನ್ನು ಮುಟ್ಟಲಿಲ್ಲ. ಕನ್ನಡಕ ಹಾಕಿಕೊಂಡು ಪಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಒಂದೊಂದು ಹೆಸರಿನ ಮೇಲೂ ಬೆರಳಿಟ್ಟು ನಿಧಾನವಾಗಿ ಓದಿದರು. ನಡುವೆ ಬೆರಳು ನಿಂತಿತು.

"ಕಿರಾಣಿ ಅಂಗಡಿ ಶೆಟ್ಟರು ಎರಡು ಸಾವಿರ ಕೊಟ್ಟಿದ್ದರಾ?"

"ಹೌದು ಖಾಲಾ."

"ಅವರ ಹೆಂಡತಿ ಹೋದಾಗ ನಾನು ಹೋಗಲೇ ಇಲ್ಲವಲ್ಲೋ. ಎರಡು ಬೀದಿ ಆಚೆ ಮನೆ. ಪರಿಚಯ ಇಲ್ಲ ಅಂತ ಹೋಗಲಿಲ್ಲ." ಅವರ ದನಿ ನಡುಗುತ್ತಿತ್ತು. "ನಾನು ನಿನ್ನ ಮೇಲೆ ಸಂಶಯಪಟ್ಟು ಕೇಳಿದ್ದು ಅಂದುಕೊಂಡೆಯಾ? ಯಾರ ಯಾರ ಋಣ ನನ್ನ ಮಗನ ಮೇಲಿದೆ ಅಂತ ತಿಳಿಯಬೇಡವಾ? ಅವರ ಮನೆಯ ಮದುವೆಗೆ, ಸಾವಿಗೆ ನಾನು ಹೋಗಬೇಡವಾ? ಇಷ್ಟು ವರ್ಷ ಬಜಾರಿನಲ್ಲಿ ತಲೆ ತಗ್ಗಿಸಿಕೊಂಡೇ ನಡೆದೆ. ಎದುರು ಬರುವವರಲ್ಲಿ ಯಾರು ಕೊಟ್ಟವರು, ಯಾರು ಕೊಡದವರು ಅಂತ ಗೊತ್ತಿಲ್ಲದೆ."

ನನ್ನ ಬಳಿ ಉತ್ತರವಿರಲಿಲ್ಲ. ಲೆಕ್ಕ ಎಂದರೆ ಕಳ್ಳನನ್ನು ಹಿಡಿಯುವ ಬಲೆ ಎಂದೇ ನಾನು ತಿಳಿದಿದ್ದೆ. ಅದು ಋಣವನ್ನು ನೆನಪಿಡುವ ದಾರಿಯೂ ಹೌದು ಎಂದು ಮೂರನೇ ಕ್ಲಾಸು ಓದಿದ ಖಾಲಾಳಿಗೆ ಗೊತ್ತಿತ್ತು. ಕೊಲ್ಲಿಯಲ್ಲಿ ಒಬ್ಬ ಡ್ರೈವರು ಕಟ್ಟಿದ ಕೆಲವು ರಿಯಾಲ್ ಇನ್ನೊಬ್ಬ ಡ್ರೈವರಿನ ಹೆಣವನ್ನು ಅವನ ತಾಯಿಯ ಮುಂದೆ ತಂದಿಡುತ್ತದೆ. ಕೊಟ್ಟವನಿಗೆ ಗೊತ್ತಿಲ್ಲ, ಪಡೆದವರಿಗೂ ಗೊತ್ತಿಲ್ಲ. ನಡುವೆ ಇರುವುದು ಒಂದು ರಿಜಿಸ್ಟರು. ಆ ರಿಜಿಸ್ಟರನ್ನು ತೆರೆದು ಕೇಳುವವನು ಒಬ್ಬ ಬೇಕು. ಹೊರಗಿನಿಂದ ಆಡಿಟ್‌ನವರು ಕೇಳಬೇಕು. ಅದಕ್ಕಿಂತ ಮುಂಚೆ, ಕಟ್ಟಿದವರೇ ಕೇಳಬೇಕು.

ಅದಕ್ಕೇ ಈಗ ಊರಿನಿಂದ ಯಾವ ಹುಡುಗ ಕೊಲ್ಲಿಗೆ ಹೊರಟರೂ ನಾನು ಒಂದು ಚೀಟಿಯಲ್ಲಿ ಆ ನಿಧಿಯ ಹೆಸರು ಬರೆದು ಪಾಸ್‌ಪೋರ್ಟಿನ ಜೊತೆ ಇಟ್ಟುಕೋ ಎನ್ನುತ್ತೇನೆ. ರಾಯಭಾರ ಕಚೇರಿಯಲ್ಲಿ ಏನು ಕಟ್ಟಿದರೂ ರಸೀದಿ ಪಡೆದು ಪೂರ್ತಿ ಓದು, ಕಷ್ಟ ಬಂದರೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆ ಎನ್ನುತ್ತೇನೆ. ಕೊಟ್ಟ ಅರ್ಜಿ ಫೈಲಿನಲ್ಲಿ ಇದ್ದರೆ, ಅದು ತಿರಸ್ಕಾರವಾದರೂ, ಎಂದೋ ಒಂದು ದಿನ ನನ್ನ ಗೆಳೆಯನಂಥವನೊಬ್ಬನ ಕಣ್ಣಿಗೆ ಬೀಳುತ್ತದೆ.

ಆ 14,300 ರೂಪಾಯಿಯನ್ನು ಖಾಲಾ ಹೇಳಿದಂತೆ ಜಮಾತಿನ ಬೈತುಲ್ ಮಾಲ್‌ಗೆ ಕಟ್ಟಿ ರಸೀದಿ ಪಡೆದೆ. ಅದರ ಮಾರನೆಯ ವಾರ ಖಾಲಾ ಬುರ್ಖಾ ತೊಟ್ಟು, ಒಂದು ಡಬ್ಬಿಯಲ್ಲಿ ಕಡಲೆಬೇಳೆ ಹಲ್ವಾ ಹಾಕಿಕೊಂಡು, ನನ್ನನ್ನೂ ಕರೆದುಕೊಂಡು ಶೆಟ್ಟರ ಮನೆಗೆ ಹೋದರು. ಗೋಡೆಯ ಮೇಲೆ ಹಾರ ಹಾಕಿದ ಅವರ ಹೆಂಡತಿಯ ಫೋಟೋ ಇತ್ತು. ಖಾಲಾ ಅದರ ಮುಂದೆ ಬಹಳ ಹೊತ್ತು ನಿಂತರು. ಶೆಟ್ಟರಿಗೆ ಏನೂ ಅರ್ಥವಾಗದೆ ನನ್ನ ಮುಖ ನೋಡಿದರು. ಎರಡು ಸಾವಿರ ಕೊಟ್ಟದ್ದು ಅವರಿಗೆ ಮರೆತೇ ಹೋಗಿತ್ತು.

ಬಕ್ರೀದಿಗೆ ಗೆಳೆಯ ಬಂದಾಗ ಎಲ್ಲವನ್ನೂ ಹೇಳಿದೆ. ಅವನು ಪೂರ್ತಿ ಕೇಳಿ, ತನ್ನ ಇಲಾಖೆಯ ಭಾಷೆಯಲ್ಲೇ ಕೇಳಿದ. "ಹಾಗಾದರೆ ಪ್ಯಾರಾ ತೀರುವಳಿ ಆಯಿತಾ?"

"ಹಣದ್ದು ಆಯಿತು" ಎಂದೆ. "ಪಟ್ಟಿಯಲ್ಲಿ ಇನ್ನೂ ಕೆಲವು ಹೆಸರುಗಳು ಸಿಕ್ಕಿಲ್ಲ. ಖಾಲಾ ಹುಡುಕು ಅಂದಿದ್ದಾರೆ."